ಭಯವನ್ನು ಕತ್ತರಿಸಿದ ಹಾಡು: ತಾಯಿ ಮಾಚಿಗ್ ಲಬ್‌ಡ್ರೋನ್

*ದಿನಕ್ಕೊಂದು ಧಮ್ಮ ಚಿಂತನೆ*



ಬೈಲಕುಪ್ಪೆಗೆ ಹೋಗಿಬಂದವರು ನಮ್ಮ ಬಳಗದಲ್ಲಿ ಬಹಳ ಜನರಿದ್ದಾರೆ. ಚಿನ್ನದ ಬಣ್ಣದ ದೊಡ್ಡ ಬುದ್ಧಮೂರ್ತಿಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೇವೆ. ಅಲ್ಲಿನವರು ನಗಾರಿ ಬಾರಿಸಿ, ಉದ್ದನೆಯ ಕಹಳೆ ಊದಿ, ಗಂಟಲಾಳದಿಂದ ಪಠಣ ಮಾಡುವುದನ್ನು ಕೇಳಿ ಬೆರಗಾದವರಿದ್ದಾರೆ. ಇದು ನಮ್ಮ ಧಮ್ಮವೋ, ನಾವು ಬಿಟ್ಟುಬಂದ ಪೂಜೆಯದೇ ಇನ್ನೊಂದು ರೂಪವೋ ಎಂದು ಅನುಮಾನಪಟ್ಟವರೂ ಇದ್ದಾರೆ. ಅನುಮಾನ ಪಡಬೇಕಾದದ್ದೇ. ಕೇಳಿ, ನೋಡಿ, ಪರೀಕ್ಷಿಸಿ ಒಪ್ಪಿಕೊಳ್ಳಿ ಎಂದವರು ನಮ್ಮ ಶಾಸ್ತರು. ಆ ಅನುಮಾನವನ್ನು ಕೈಯಲ್ಲಿ ಹಿಡಿದುಕೊಂಡೇ ಇಂದು ಟಿಬೆಟಿನ ಒಬ್ಬ ತಾಯಿಯ ಬದುಕನ್ನು ಓದೋಣ. ಚರ್ಮದ ವಾದ್ಯ, ಸ್ಮಶಾನ, ಹೆಣ್ಣಿನ ದನಿ ಈ ಮೂರನ್ನೂ ಧಮ್ಮದ ಹಾಡಿಗೆ ತಂದುಕೊಂಡ ತಾಯಿ ಆಕೆ. ಹೆಸರು ಮಾಚಿಗ್ ಲಬ್‌ಡ್ರೋನ್. ಮಾಚಿಗ್ ಎಂದರೆ ಒಬ್ಬಳೇ ತಾಯಿ. ಲಬ್‌ಡ್ರೋನ್ ಎಂದರೆ ಲಬ್ ನಾಡಿನ ದೀಪ.

*ಓದುವ ಹುಡುಗಿ*

ಆಕೆಯ ಕಾಲವನ್ನು ಸಾಮಾನ್ಯವಾಗಿ 1055ರಿಂದ 1149 ಎಂದು ಗುರುತಿಸುತ್ತಾರೆ. ಆ ಕಾಲ ನಮಗೆ ಅಪರಿಚಿತವಲ್ಲ. 1065ರಲ್ಲಿ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಚಾಲುಕ್ಯರ ಮಂತ್ರಿ ರೂಪಭಟ್ಟಯ್ಯ ಬೌದ್ಧ ವಿಹಾರ ಕಟ್ಟಿಸಿದ. ಅಲ್ಲಿನ ಶಾಸನದಲ್ಲಿ ತಾರಾ ಭಗವತಿಯ ಹೆಸರಿದೆ. ಅಂದರೆ ಕನ್ನಡ ನಾಡಿನಲ್ಲಿ ಬುದ್ಧರ ದೀಪ ಇನ್ನೂ ಉರಿಯುತ್ತಿದ್ದಾಗ, ಹಿಮಾಲಯದ ಆಚೆ ಹತ್ತು ವರ್ಷದ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕೂತಿದ್ದಳು.

ಆಕೆಗೆ ಅಕ್ಷರ ಕಲಿಸಿದವಳು ಹೆತ್ತ ತಾಯಿ. ಅದೂ ಐದು ವರ್ಷದ ಎಳೆಯ ವಯಸ್ಸಿನಲ್ಲಿ ಎಂದು ಆಕೆಯ ಜೀವನಕಥೆ ಹೇಳುತ್ತದೆ. ಹುಡುಗಿಯ ನಾಲಿಗೆ ಎಷ್ಟು ಚುರುಕೆಂದರೆ ಎಂಟು ಸಾವಿರ ಶ್ಲೋಕಗಳ ಪ್ರಜ್ಞಾಪಾರಮಿತಾ ಗ್ರಂಥವನ್ನು ಒಂದೇ ದಿನದಲ್ಲಿ ಎರಡು ಸಲ ಓದಿ ಮುಗಿಸುತ್ತಿದ್ದಳಂತೆ. ಕಥೆ ಸ್ವಲ್ಪ ಹಿಗ್ಗಿಸಿ ಹೇಳಿರಬಹುದು. ಆದರೆ ಮೂಲದಲ್ಲಿರುವ ಸಂಗತಿ ಗಟ್ಟಿ: ತಾಯಿ ಮಗಳಿಗೆ ಓದು ಕಲಿಸಿದಳು, ಮಗಳಿಗೆ ಓದೇ ಅನ್ನವಾಯಿತು.

ಹದಿಮೂರನೆಯ ವಯಸ್ಸಿಗೆ ತಾಯಿ ತೀರಿಕೊಂಡಳು. ಹುಡುಗಿ ಡ್ರಾಪಾ ಙೋನ್‌ಶೆ ಎಂಬ ಗುರುವಿನ ಬಳಿಗೆ ಹೋದಳು. ಟಿಬೆಟಿನಲ್ಲಿ ಆಗ ಒಂದು ರೂಢಿ ಇತ್ತು. ಉಳ್ಳವರು ಪುಣ್ಯಕ್ಕೆಂದು ತಮ್ಮ ಮನೆಯಲ್ಲಿ ಪ್ರಜ್ಞಾಪಾರಮಿತಾ ಓದಿಸುತ್ತಿದ್ದರು. ಓದುವವರನ್ನು ಮಠದಿಂದ ಕರೆಸಿ, ಊಟ ಹಾಕಿ, ಕಾಣಿಕೆ ಕೊಡುತ್ತಿದ್ದರು. ಮಾಚಿಗ್ ನಾಲ್ಕು ವರ್ಷ ಈ ಗುರುವಿನ ಪರವಾಗಿ ಓದುಗಳಾಗಿ ದುಡಿದಳು. ಮನೆ ಮನೆಗೆ ಹೋಗಿ ಗಟ್ಟಿ ದನಿಯಲ್ಲಿ ಓದುವುದೇ ಕೆಲಸ.

ನಮ್ಮ ಶಾಲೆಗಳಲ್ಲಿ ನಾನು ದಿನವೂ ಕಾಣುವ ಒಂದು ವಿಷಯ ಇಲ್ಲಿ ನೆನಪಾಗುತ್ತದೆ. ಪಾಠವನ್ನು ತಡವರಿಸದೆ ಓದುವ ಮಗುವಿಗೆ ಅರ್ಥ ಕೇಳಿದರೆ ತಲೆ ತಗ್ಗಿಸುತ್ತದೆ. ಮಾಚಿಗ್‌ಳನ್ನೂ ಗುರುವೊಬ್ಬ ಹಾಗೆ ಪರೀಕ್ಷಿಸಿದ. ಆಕೆ ಅರ್ಥವನ್ನೂ ವಿವರಿಸಿದಳು. ಆದರೂ ಆತ ಮೆಚ್ಚಲಿಲ್ಲ. ಅರ್ಥ ಬಾಯಲ್ಲಿದೆ, ಬದುಕಿಗೆ ಇಳಿದಿಲ್ಲ, ಮತ್ತೆ ಓದು ಎಂದು ಕಳಿಸಿದ. ಆಕೆ ಮತ್ತೆ ಓದಿದಳು. ಮಾರನನ್ನು ಕುರಿತ ಅಧ್ಯಾಯಕ್ಕೆ ಬಂದಾಗ ಒಳಗೆ ಏನೋ ಕಳಚಿಕೊಂಡಿತು. ನಾನು ಎಂದು ಹಿಡಿದುಕೊಂಡದ್ದರಲ್ಲಿ ಹಿಡಿಯುವಂಥದು ಏನೂ ಇಲ್ಲವೆಂದು ಕಂಡಿತು.

ಆ ಮೇಲೆ ನಡೆದದ್ದೇ ಮುಖ್ಯ. ಅಲ್ಲಿಯವರೆಗೆ ಒಳ್ಳೆಯ ಬಟ್ಟೆ ಉಡುತ್ತಿದ್ದವಳು ಭಿಕ್ಷುಕರಂತೆ ಚಿಂದಿ ಉಟ್ಟಳು. ಗುರುಗಳ, ಪಂಡಿತರ ಜೊತೆ ಇದ್ದವಳು ಭಿಕ್ಷುಕರ, ಕುಷ್ಠರೋಗಿಗಳ ಜೊತೆ ಕೂತು ಉಂಡಳು. ಮಠದಲ್ಲಿ ಮಲಗುತ್ತಿದ್ದವಳು ದಾರಿಯಲ್ಲಿ ಸಿಕ್ಕ ಸೂರಿನಡಿ ಮಲಗಿದಳು. ಶೂನ್ಯತೆ ಎಂಬ ದೊಡ್ಡ ಮಾತು ಆಕೆಯ ಬದುಕಿನಲ್ಲಿ ಸಹಪಂಕ್ತಿ ಭೋಜನವಾಗಿ ಕಾಣಿಸಿಕೊಂಡಿತು. ನಮಗೆ ಇದಕ್ಕಿಂತ ಸುಲಭವಾದ ವ್ಯಾಖ್ಯಾನ ಬೇಕೆ? ಯಾರ ಪಕ್ಕದಲ್ಲಿ ಕೂತು ಉಣ್ಣುತ್ತೀರಿ ಎಂಬುದರಲ್ಲೇ ನಾನು ಎಂಬುದು ಕರಗಿದೆಯೋ ಇಲ್ಲವೋ ತಿಳಿದುಬಿಡುತ್ತದೆ.

*ದಕ್ಷಿಣದಿಂದ ಹೋದ ಕಪ್ಪು ಗುರು*

ಆ ಕಾಲದ ಟಿಬೆಟಿನಲ್ಲಿ ಭಾರತದಿಂದ ಬಂದ ಒಬ್ಬ ಸಾಧಕ ತಿರುಗಾಡುತ್ತಿದ್ದ. ಹೆಸರು ಪದಂಪಾ ಸಂಗ್ಯೆ. ಆತ ದಕ್ಷಿಣ ಭಾರತದವನು ಎಂದು ಟಿಬೆಟಿನ ಗ್ರಂಥಗಳು ಹೇಳುತ್ತವೆ. ಮೈಬಣ್ಣ ಕಪ್ಪಾದ್ದರಿಂದ ಅಲ್ಲಿನ ಜನ ಆತನನ್ನು ಕರಿಯ ದಂಪಾ ಎಂಬ ಅರ್ಥದ ಹೆಸರಿನಿಂದ ಕರೆದರು. ನಮ್ಮಲ್ಲಿ ಕಪ್ಪು ಬಣ್ಣ ಹೀಯಾಳಿಕೆಗೆ ಕಾರಣ. ಅಲ್ಲಿ ಅದೇ ಬಣ್ಣದ ಗುರುವಿಗೆ ಜನ ತಲೆಬಾಗಿದರು. ಡಿಂಗ್ರಿ ಎಂಬಲ್ಲಿ ನೆಲೆ ನಿಂತ ಆತ ತೀರಿಕೊಂಡದ್ದು 1117ರಲ್ಲಿ ಎನ್ನುತ್ತಾರೆ.

1117 ಎಂದೊಡನೆ ನಮ್ಮ ಕಡೆಯವರಿಗೆ ಬೇಲೂರು ನೆನಪಾಗುತ್ತದೆ. ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು ಅದೇ ವರ್ಷ. ಮುಂದೆ ಹಳೇಬೀಡು, ಅದಾದ ಮೇಲೆ 1220ರ ಸುಮಾರಿಗೆ ನಮ್ಮ ಅರಸೀಕೆರೆಯ ಈಶ್ವರ ದೇವಾಲಯ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಗೋಡೆಯ ಮೇಲಿನ ವಾದ್ಯಗಾರರನ್ನು ತೋರಿಸುತ್ತೇವೆ. ಮದ್ದಳೆ ನುಡಿಸುವವರು, ತಾಳ ಹಿಡಿದವರು, ಕುಣಿಯುವ ಮದನಿಕೆಯರು. ಶಿಲ್ಪಿಗಳ ಕೈಚಳಕಕ್ಕೆ ಎರಡು ಮಾತಿಲ್ಲ. ಆದರೆ ಒಂದು ಪ್ರಶ್ನೆಯನ್ನು ಮಕ್ಕಳಿಗೆ ಕೇಳಿಸಿಕೊಡಬೇಕು. ಆ ಮದ್ದಳೆಗೆ ಚರ್ಮ ಹದ ಮಾಡಿದವರು ಎಲ್ಲಿದ್ದರು? ವಾದ್ಯ ಗುಡಿಯ ಒಳಗೆ, ಚರ್ಮ ಹದ ಮಾಡಿದವರು ಊರಿನ ಹೊರಗೆ. ಈ ಪ್ರಶ್ನೆ ಮನಸ್ಸಿನಲ್ಲಿದ್ದರೆ ಮಾಚಿಗ್ ಮಾಡಿದ ಕೆಲಸದ ತೂಕ ತಿಳಿಯುತ್ತದೆ.

ಪದಂಪಾ ಮಾಚಿಗ್‌ಗೆ ತೋರಿಸಿದ ದಾರಿ ಹೀಗಿತ್ತೆಂದು ಪರಂಪರೆ ನೆನೆಯುತ್ತದೆ: ಹೆದರಿಕೆ ಹುಟ್ಟಿಸುವ ಜಾಗಕ್ಕೆ ಹೋಗುವುದು, ಅಸಹ್ಯವೆನಿಸಿದ್ದರ ಹತ್ತಿರ ಕೂರುವುದು, ನೆರವಾಗಲು ಸಾಧ್ಯವೇ ಇಲ್ಲವೆನಿಸಿದವರಿಗೂ ನೆರವಾಗುವುದು. ಪ್ರಜ್ಞಾಪಾರಮಿತೆಯ ಓದನ್ನೂ ಈ ನಡೆಯನ್ನೂ ಬೆಸೆದು ಮಾಚಿಗ್ ಒಂದು ಸಾಧನೆಯನ್ನು ರೂಪಿಸಿದಳು. ಅದರ ಹೆಸರು ಚೋದ್. ಹಾಗೆಂದರೆ ಕತ್ತರಿಸುವುದು.

*ಊರಿನ ಬಾಯಿ*

ಇಷ್ಟರ ನಡುವೆ ಆಕೆಯ ಬದುಕಿನಲ್ಲಿ ಇನ್ನೊಂದು ತಿರುವು ಬಂತು. ಒಂದು ಮನೆಗೆ ಒಂದು ತಿಂಗಳ ಓದಿಗೆಂದು ಹೋಗಿದ್ದಾಗ ತೋಪಾ ಭದ್ರ ಎಂಬ ಭಾರತೀಯ ಸಾಧಕನ ಪರಿಚಯವಾಯಿತು. ಇಬ್ಬರೂ ಜೊತೆಯಾದರು, ಮಕ್ಕಳಾದರು. ವ್ರತ ಕೆಟ್ಟ ಸನ್ಯಾಸಿನಿ ಎಂದು ಊರು ಆಡಿಕೊಂಡಿತು. ಮಾತು ತಡೆಯಲಾರದೆ ಅವರು ದೂರದ ಸೀಮೆಗೆ ಹೋಗಿ ನೆಲೆಸಿದರು. ಮೂವತ್ತೈದರ ಆಸುಪಾಸಿನಲ್ಲಿ ಆಕೆ ಸಂಸಾರವನ್ನು ಗಂಡನಿಗೆ ಒಪ್ಪಿಸಿ, ತಲೆ ಬೋಳಿಸಿಕೊಂಡು ಮತ್ತೆ ಸಾಧನೆಗೆ ಮರಳಿದಳು. ಝಂಗ್ರಿ ಖಂಗ್ಮರ್ ಎಂಬ ಬೆಟ್ಟದ ತಾಣದಲ್ಲಿ ನೆಲೆ ನಿಂತು ಕೊನೆಯವರೆಗೆ ಅಲ್ಲಿಯೇ ಕಲಿಸಿದಳು. ಮುಂದೆ ಮಕ್ಕಳು ಆಕೆಯನ್ನು ಹುಡುಕಿಕೊಂಡು ಬಂದರು. ಮಗ ತೋನ್ಯೋನ್ ಸಂದ್ರುಪ್ ತಾಯಿಯ ಶಿಷ್ಯನಾಗಿ ಪರಂಪರೆಯನ್ನು ಮುಂದುವರಿಸಿದ.

ಗಂಡು ಮನೆ ಬಿಟ್ಟರೆ ಜಗತ್ತು ಅದನ್ನು ತ್ಯಾಗ ಎನ್ನುತ್ತದೆ. ಹೆಣ್ಣು ಬಿಟ್ಟರೆ ಮಕ್ಕಳನ್ನು ಬಿಟ್ಟುಹೋದವಳು ಎನ್ನುತ್ತದೆ. ಸಾವಿರ ವರ್ಷದ ಹಿಂದಿನ ಈ ಬಾಯಿ ಇಂದಿಗೂ ಮುಚ್ಚಿಲ್ಲ. ಸಂಜೆ ಧಮ್ಮ ಪ್ರವಚನಕ್ಕೆ ಬಂದ ತಾಯಿಗೆ ಮನೆಯ ಅಡುಗೆ ಏನಾಯಿತು ಎಂದು ಕೇಳುವವರು ನಮ್ಮ ನಡುವೆಯೂ ಇದ್ದಾರೆ. ಅದೇ ಹೊತ್ತಿಗೆ ಬಂದ ತಂದೆಗೆ ಆ ಪ್ರಶ್ನೆ ಬರುವುದಿಲ್ಲ.

*ಡಮರು, ಗಂಟೆ, ಸ್ಮಶಾನ*

ಚೋದ್ ಸಾಧನೆ ನಡೆಯುವುದು ಹಾಡಿನ ಮೂಲಕ. ಬಲಗೈಯಲ್ಲಿ ಡಮರು, ಎಡಗೈಯಲ್ಲಿ ಗಂಟೆ. ಡಮರು ಎಂದರೆ ಎರಡು ಕಡೆ ಚರ್ಮ ಬಿಗಿದ, ದಾರಕ್ಕೆ ಕಟ್ಟಿದ ಗುಂಡು ಬಡಿದು ಸದ್ದಾಗುವ ವಾದ್ಯ. ಬೆಳಗಿನ ಜಾವ ನಮ್ಮ ಬೀದಿಗೆ ಬರುವ ಬುಡುಬುಡಿಕೆಯವರ ಕೈಯಲ್ಲಿ ಇರುವ ಬಗೆಯದೇ, ಆದರೆ ಅದಕ್ಕಿಂತ ದೊಡ್ಡದು. ಜೊತೆಗೆ ಸತ್ತವರ ತೊಡೆಮೂಳೆಯಿಂದ ಮಾಡಿದ ಒಂದು ಸಣ್ಣ ಕಹಳೆ. ಸಾಧಕರು ಸ್ಮಶಾನದಲ್ಲಿ, ನಿರ್ಜನ ಬೆಟ್ಟದಲ್ಲಿ, ಜನ ಹೆದರುವ ಜಾಗದಲ್ಲಿ ರಾತ್ರಿ ಒಬ್ಬರೇ ಕೂತು ಹಾಡುತ್ತಿದ್ದರು. ಹಾಡುತ್ತ ತಮ್ಮ ದೇಹವನ್ನೇ ಮನಸ್ಸಿನಲ್ಲಿ ಉಣಬಡಿಸುತ್ತಿದ್ದರು. ಹಸಿದವರಿಗೆ, ರೋಗಿಗಳಿಗೆ, ತಮಗೆ ಕೇಡು ಬಯಸುವವರಿಗೆ, ಹೆದರಿಸುವ ದೆವ್ವಗಳಿಗೂ.

ದೆವ್ವ ಎಂದೊಡನೆ ನಮ್ಮಲ್ಲಿ ಕೆಲವರು ಹುಬ್ಬೇರಿಸುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳನ್ನು ಒಪ್ಪಿದವರು ನಾವು. ದೆವ್ವ ಭೂತದ ಮಾತು ನಮಗೇಕೆ? ಇಲ್ಲಿ ಮಾಚಿಗ್ ಕಲಿಸಿದ್ದನ್ನು ನಿಧಾನವಾಗಿ ಕೇಳಬೇಕು. ಮಾರರು ನಾಲ್ಕು ಬಗೆ ಎಂದು ಆಕೆ ವಿಂಗಡಿಸಿದಳು.

1️⃣ ಕಣ್ಣೆದುರು ಇರುವ ವಸ್ತುಗಳಿಗೆ, ಮನುಷ್ಯರಿಗೆ ಅಂಟಿಕೊಳ್ಳುವುದು ಅಥವಾ ಅವರನ್ನು ದ್ವೇಷಿಸುವುದು.
2️⃣ ಹೊರಗೆ ಏನೂ ಇಲ್ಲದಿದ್ದರೂ ಮನಸ್ಸಿನೊಳಗೆ ಏಳುವ ಭಯ, ಕೋಪ, ಚಿಂತೆ.
3️⃣ ಗೆದ್ದೆ, ಸಾಧಿಸಿದೆ ಎಂದು ಉಬ್ಬುವುದು.
4️⃣ ಇವೆಲ್ಲಕ್ಕೂ ಬೇರಾದ, ನಾನು ಎಂಬ ಹಿಡಿತ.

ನೋಡಿ ಬಂಧುಗಳೇ, ಈ ಪಟ್ಟಿಯಲ್ಲಿ ಕೋರೆಹಲ್ಲಿನ ದೆವ್ವ ಎಲ್ಲಿದೆ? ನಾಲ್ಕೂ ಇರುವುದು ನಮ್ಮೊಳಗೆ. ಕತ್ತರಿಸಬೇಕಾದದ್ದೂ ಅಲ್ಲಿಯೇ. ನಮ್ಮ ಊರುಗಳಲ್ಲಿ ದೆವ್ವದ ಭಯಕ್ಕೆ ಕೋಳಿ, ಕುರಿ ಕೊಯ್ಯುತ್ತಾರೆ. ಬಡವರ ಮನೆಯಲ್ಲಿ ಸಾಲ ಮಾಡಿ ಹರಕೆ ತೀರಿಸುತ್ತಾರೆ. ಮಾಚಿಗ್ ಆ ಲೆಕ್ಕವನ್ನೇ ತಿರುಗಿಸಿದಳು. ನನ್ನ ಭಯಕ್ಕೆ ಇನ್ನೊಂದು ಜೀವವನ್ನು ಏಕೆ ಕೊಡಬೇಕು? ಭಯಕ್ಕೆ ಮೂಲವಾದ ನನ್ನ ಹಿಡಿತವನ್ನೇ ಬಿಟ್ಟುಕೊಡುತ್ತೇನೆ ಎಂಬುದು ಆಕೆಯ ದಾರಿ.

ಆಕೆಯ ಜೀವನಕಥೆಯಲ್ಲಿ ಹಣೆಗಣ್ಣು, ಪೂರ್ವಜನ್ಮ, ಗಾಳಿಯಲ್ಲಿ ಚಲಿಸುವ ಪವಾಡಗಳೂ ಇವೆ. ವಿಚಾರಕ್ಕೆ ಒಪ್ಪುವುದನ್ನು ಉಳಿಸಿಕೊಂಡು ಉಳಿದದ್ದನ್ನು ಬದಿಗಿಡುವ ಒರೆಗಲ್ಲನ್ನು ಬಾಬಾಸಾಹೇಬರು *ಬುದ್ಧ ಮತ್ತು ಅವನ ಧಮ್ಮ* ಗ್ರಂಥದಲ್ಲಿ ನಮ್ಮ ಕೈಗೆ ಕೊಟ್ಟಿದ್ದಾರೆ. ಆ ಕಲ್ಲಿಗೆ ಉಜ್ಜಿದರೆ ಪವಾಡಗಳು ಉದುರುತ್ತವೆ. ನಾಲ್ಕು ಮಾರರ ಪಾಠ ಉಳಿಯುತ್ತದೆ. ಕುಷ್ಠರೋಗಿಯ ಪಕ್ಕದ ಊಟ ಉಳಿಯುತ್ತದೆ.

*ತಮಟೆಯ ಮಾತು*

ಈಗ ನಮ್ಮ ಮನೆಯ ಮಾತಿಗೆ ಬರೋಣ. ಸ್ಮಶಾನ ನಮಗೆ ಹೊಸದಲ್ಲ. ಗುಂಡಿ ತೋಡುವುದು, ಸಾವಿನ ಸುದ್ದಿ ಸಾರುವುದು, ಹೆಣದ ಮುಂದೆ ತಮಟೆ ಬಡಿಯುವುದು, ಸತ್ತ ದನ ಎಳೆಯುವುದು ಇವೆಲ್ಲ ನಮ್ಮ ಅಜ್ಜಂದಿರ ಹೆಗಲಿಗೆ ಹೊರಿಸಿದ ಕೆಲಸಗಳು. ಕೂಲಿಯೂ ಇಲ್ಲ, ಗೌರವವೂ ಇಲ್ಲ. ಒಲ್ಲೆ ಎಂದರೆ ಏಟು. ಆದ್ದರಿಂದಲೇ 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಇಂಥ ಕೆಲಸ ಬಿಡಿ, ಸತ್ತ ದನದ ಮಾಂಸ ಬಿಡಿ ಎಂದು ಕರೆ ಕೊಟ್ಟರು. ಅನೇಕ ಊರುಗಳಲ್ಲಿ ನಮ್ಮ ಹಿರಿಯರು ತಮಟೆಯನ್ನು ಅಟ್ಟಕ್ಕೆ ಎಸೆದರು. ಸರಿಯಾದ ಕೆಲಸವನ್ನೇ ಮಾಡಿದರು. ಚರ್ಮದ ವಾದ್ಯ, ಸ್ಮಶಾನ ಎಂದು ಮಾಚಿಗ್ ಕಥೆ ಹೇಳಿ, ಮತ್ತೆ ಅದೇ ಕೆಲಸಕ್ಕೆ ಹೋಗಿ ಎನ್ನಲು ಯಾರಿಗೂ ಹಕ್ಕಿಲ್ಲ.

ವ್ಯತ್ಯಾಸ ಇರುವುದು ಆಯ್ಕೆಯಲ್ಲಿ. ಮಾಚಿಗ್ ಸ್ಮಶಾನಕ್ಕೆ ಹೋದದ್ದು ತಾನೇ ಆರಿಸಿಕೊಂಡು. ನಮ್ಮವರನ್ನು ಕಳಿಸಿದ್ದು ಜಾತಿ. ಟಿಬೆಟಿನಲ್ಲಿ ಸಾಂಕ್ರಾಮಿಕ ರೋಗ ಹರಡಿ ಹೆಣ ಮುಟ್ಟಲು ಜನ ಹಿಂಜರಿದಾಗ ಚೋದ್ ಸಾಧಕರನ್ನು ಕರೆಯುತ್ತಿದ್ದರು. ಅವರು ಹೋಗಿ ಕೊನೆಯ ಕೆಲಸ ಮಾಡಿಕೊಡುತ್ತಿದ್ದರು, ಜನ ಅವರನ್ನು ಗೌರವದಿಂದ ಕಂಡರು. ಕೊರೊನಾ ಕಾಲದಲ್ಲಿ ಅಂಥದೇ ಕೆಲಸ ಮಾಡಿದ ಎಷ್ಟೋ ಬಡ ಕೈಗಳನ್ನು ನಾವು ನೋಡಿದೆವು. ಅವರ ಹೆಸರು ನಮಗೆ ಗೊತ್ತಿಲ್ಲ.

ಅಟ್ಟಕ್ಕೆ ಎಸೆದ ತಮಟೆ ಮತ್ತೆ ಕೆಳಗೆ ಇಳಿದದ್ದೂ ಉಂಟು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಕರ್ನಾಟಕದ ಬೀದಿಗಳಲ್ಲಿ ಹೋರಾಟದ ಹಾಡಿನ ಜೊತೆ ಅದೇ ತಮಟೆ ಮೊಳಗಿತು. ಗೌಡರ ಮನೆಯ ಸಾವಿಗೆ ಬಡಿಯುತ್ತಿದ್ದ ಕೈ ತನ್ನ ಹಕ್ಕಿಗೆ ಬಡಿಯಿತು. ವಾದ್ಯ ಅದೇ, ಚರ್ಮ ಅದೇ, ಬಡಿಯುವವರ ತಲೆ ಮಾತ್ರ ನೆಟ್ಟಗಾಗಿತ್ತು. ಮಾಚಿಗ್ ಕೈಯ ಡಮರು ನಮಗೆ ಅರ್ಥವಾಗಬೇಕಾದದ್ದು ಈ ತಮಟೆಯ ಮೂಲಕ.

*ಪರೀಕ್ಷೆ*

ಹೆಣ್ಣೊಬ್ಬಳು ಹೊಸ ಧಮ್ಮ ಮಾರ್ಗ ಕಲಿಸುತ್ತಿದ್ದಾಳೆ, ಸಾವಿರಾರು ಜನ ಸೇರುತ್ತಿದ್ದಾರೆ ಎಂಬ ಸುದ್ದಿ ಭಾರತಕ್ಕೂ ಮುಟ್ಟಿತಂತೆ. ಧಮ್ಮ ಭಾರತದಿಂದ ಟಿಬೆಟಿಗೆ ಹೋಗುವುದು ರೂಢಿ, ಅಲ್ಲೇ ಹುಟ್ಟಿದ್ದು ಸಾಚಾ ಹೇಗಾದೀತು? ಹೀಗೆ ಅನುಮಾನಪಟ್ಟು ಬೋಧಗಯೆಯಿಂದ ಮೂವರು ಆಚಾರ್ಯರು ಪರೀಕ್ಷಿಸಲು ಬಂದರೆಂದು ಪರಂಪರೆ ಹೇಳುತ್ತದೆ. ತುಂಬಿದ ಸಭೆಯಲ್ಲಿ ವಾದ ನಡೆಯಿತು. ಮಾಚಿಗ್ ಗೆದ್ದಳು. ಆಕೆಯ ಬೋಧನೆಯನ್ನು ಭಾರತಕ್ಕೂ ಕಳಿಸಿಕೊಡುವಂತೆ ಬಂದವರೇ ಕೇಳಿಕೊಂಡರು. ಟಿಬೆಟಿನಿಂದ ಭಾರತದ ಕಡೆಗೆ ಹರಿದ ಬೋಧನೆ ಎಂದು ಚೋದ್ ಪರಂಪರೆಯವರು ಇಂದಿಗೂ ಹೆಮ್ಮೆಪಡುತ್ತಾರೆ.

ಕಲ್ಯಾಣದಲ್ಲಿ ಅಕ್ಕಮಹಾದೇವಿಯನ್ನು ಅಲ್ಲಮ ಪರೀಕ್ಷಿಸಿದ ಕಥೆ ನಮಗೆಲ್ಲ ಗೊತ್ತು. ಅದೂ ಅದೇ ಹನ್ನೆರಡನೆಯ ಶತಮಾನ. ಅರಿವು ಪಡೆದ ಗಂಡಿಗೆ ಶಿಷ್ಯರು ಸಿಗುತ್ತಾರೆ, ಅರಿವು ಪಡೆದ ಹೆಣ್ಣಿಗೆ ಮೊದಲು ಪರೀಕ್ಷಕರು ಸಿಗುತ್ತಾರೆ. ಇಬ್ಬರೂ ಪರೀಕ್ಷೆಗೆ ಹೆದರಲಿಲ್ಲ.

ಈ ಪರೀಕ್ಷೆಯ ಕಥೆಯ ಇನ್ನೊಂದು ಕೊಂಡಿ ನಮ್ಮ ರಾಜ್ಯದಲ್ಲಿಯೇ ಇದೆ. 1960ರ ದಶಕದಲ್ಲಿ ಬೈಲಕುಪ್ಪೆಯಲ್ಲೂ ಮುಂಡಗೋಡಿನಲ್ಲೂ ಟಿಬೆಟಿನ ನಿರಾಶ್ರಿತರಿಗೆ ಮೈಸೂರು ರಾಜ್ಯ ನೆಲ ಕೊಟ್ಟಿತು. ಬೌದ್ಧ ತತ್ವಶಾಸ್ತ್ರದಲ್ಲಿ ಅವರ ಅತಿ ದೊಡ್ಡ ಪದವಿ ಗೆಶೆ. ಶತಮಾನಗಳಿಂದ ಅದು ಭಿಕ್ಷುಗಳ ಪಾಲಿನದು. 2016ರ ಡಿಸೆಂಬರಿನಲ್ಲಿ ಮುಂಡಗೋಡಿನ ಡ್ರೆಪುಂಗ್ ಮಠದಲ್ಲಿ ದಲಾಯಿ ಲಾಮಾ ಅವರು 20 ಸನ್ಯಾಸಿನಿಯರಿಗೆ ಗೆಶೆಮಾ ಪದವಿ ಕೊಟ್ಟರು. ಆ ಪದವಿ ಪಡೆದ ಮೊದಲ ತಂಡ ಅದು. ಮಾಚಿಗ್ ತೀರಿಕೊಂಡು 867 ವರ್ಷ ಕಳೆದಿತ್ತು. ಬಾಗಿಲು ತೆರೆದದ್ದು ಕನ್ನಡದ ನೆಲದಲ್ಲಿ.

*ಹಾಡು ಮುಂದೆ ಹೋಯಿತು*

ಮಾಚಿಗ್ ತೊಂಬತ್ತು ದಾಟಿದ ಮೇಲೆ ಝಂಗ್ರಿಯಲ್ಲಿ ತೀರಿಕೊಂಡಳು. ಆಕೆಯ ಹಾಡಿನ ದಾರಿ ಟಿಬೆಟಿನ ಎಲ್ಲ ಪಂಥಗಳಿಗೂ ಹಬ್ಬಿತು. ಒಂದೊಂದು ಪರಂಪರೆಯಲ್ಲಿ ಒಂದೊಂದು ಧಾಟಿ. ನೇಪಾಳದ ಕಠ್ಮಂಡು ಕಣಿವೆಯ ಅಂಚಿನಲ್ಲಿ ನಾಗಿ ಗೊಂಪಾ ಎಂಬ ಸನ್ಯಾಸಿನಿಯರ ಮಠವಿದೆ. ಅಲ್ಲಿ ಚೋದ್ ಹಾಡುತ್ತಿದ್ದವರಲ್ಲಿ ಚೋಯಿಂಗ್ ಡ್ರೋಲ್ಮಾ ಎಂಬ ಹುಡುಗಿಯೂ ಒಬ್ಬಳು. ತಂದೆಯ ಹೊಡೆತ ತಾಳಲಾರದೆ ಹದಿಮೂರನೆಯ ವಯಸ್ಸಿಗೆ ಮಠ ಸೇರಿದವಳು. ಅಮೆರಿಕದ ಗಿಟಾರ್ ವಾದಕ ಸ್ಟೀವ್ ಟಿಬೆಟ್ಸ್ ಆಕೆಯ ದನಿ ಕೇಳಿ ಬೆರಗಾದ. ಇಬ್ಬರೂ ಸೇರಿ 1997ರಲ್ಲಿ ತಂದ ಧ್ವನಿಮುದ್ರಿಕೆಯ ಹೆಸರೇ ಚೋ. ಅಲ್ಲಿಂದ ಆ ಹಾಡು ದೇಶದೇಶಗಳ ವೇದಿಕೆ ಏರಿತು. ಹಾಡಿನಿಂದ ಬಂದ ಹಣದಲ್ಲಿ ಅವರು ಸನ್ಯಾಸಿನಿಯರಿಗಾಗಿ ಆರ್ಯ ತಾರಾ ಶಾಲೆಯನ್ನು ಕಟ್ಟಿದರು. ತಾಯಿಯೊಬ್ಬಳು ಮಗಳಿಗೆ ಅಕ್ಷರ ಕಲಿಸಿದ್ದರಿಂದ ಹುಟ್ಟಿದ ಹಾಡು, ಸಾವಿರ ವರ್ಷದ ನಂತರ ಹೆಣ್ಣುಮಕ್ಕಳಿಗೆ ಮತ್ತೆ ಅಕ್ಷರವಾಗಿ ಸಿಕ್ಕಿತು.

*ಇಂದಿನ ಅಭ್ಯಾಸ* 🌼

ಪ್ರಜ್ಞೆ, ಕರುಣೆ, ಸಮತೆ. ಧಮ್ಮದ ಸಾರವೆಂದು ಬಾಬಾಸಾಹೇಬರು ಎತ್ತಿ ತೋರಿಸಿದ್ದು ಈ ಮೂರನ್ನು. ಮಾಚಿಗ್ ಬದುಕಿನಲ್ಲಿ ಓದು ಪ್ರಜ್ಞೆಯಾಯಿತು, ಸ್ಮಶಾನದ ಹಾಡು ಕರುಣೆಯಾಯಿತು, ರೋಗಿಗಳ ಪಂಕ್ತಿ ಸಮತೆಯಾಯಿತು. ನಾವು ಇಂದು ಮಾಡಬಹುದಾದದ್ದು ಇಷ್ಟು:

▪️ ಇಂದು ರಾತ್ರಿ ಟಿವಿ ಆರಿಸಿ, ಮನೆಯ ಮಗಳಿಂದಲೋ ತಾಯಿಯಿಂದಲೋ ಧಮ್ಮ ಗ್ರಂಥದ ಒಂದು ಪುಟ ಗಟ್ಟಿಯಾಗಿ ಓದಿಸಿ. ಓದು ಬಾರದ ಅಮ್ಮ ಇದ್ದರೆ ಅವರ ಪಕ್ಕದಲ್ಲಿ ಕೂತು ಓದಿ. ಓದಿದ ಮೇಲೆ ಅರ್ಥದ ಬಗ್ಗೆ ಎರಡು ಮಾತಾಡಿ.

▪️ ನಿಮ್ಮನ್ನು ಹೆದರಿಸುವ ಒಂದು ಸಂಗತಿಯನ್ನು ಹೆಸರಿಟ್ಟು ಬರೆಯಿರಿ. ನಾಲ್ಕರಲ್ಲಿ ಅದು ಯಾವ ಮಾರ? ಸಾಲಗಾರನ ಭಯ, ಮೇಲಧಿಕಾರಿಯ ಭಯ, ಜಾತಿ ಕೇಳಿಯಾರು ಎಂಬ ಭಯ, ಏನೇ ಇರಲಿ. ಹೊರಗಿನ ಅನ್ಯಾಯವನ್ನು ಹೋರಾಡಿ ಎದುರಿಸಬೇಕು. ಅದು ನಮ್ಮೊಳಗೆ ನೆಟ್ಟುಹೋದ ಭಯವನ್ನು ನಾವೇ ಕತ್ತರಿಸಬೇಕು. ಒಂದು ಮಾಡಿ ಇನ್ನೊಂದು ಬಿಟ್ಟರೆ ಕೆಲಸ ಅರ್ಧ.

▪️ ಮುಂದಿನ ಭಾನುವಾರದ ಸಭೆಯಲ್ಲಿ ತ್ರಿಸರಣ ಪಂಚಶೀಲವನ್ನು ಮುಂದೆ ನಿಂತು ಹೇಳಿಸುವವರು ಹೆಣ್ಣುಮಕ್ಕಳಾಗಲಿ. ದನಿ ಸಣ್ಣದಾದರೆ ಮೈಕ್ ಹತ್ತಿರ ತನ್ನಿ. ಉಚ್ಚಾರ ತಪ್ಪಿದರೆ ನಗಬೇಡಿ.

ಎಲ್ಲ ಜೀವಿಗಳಿಗೂ ಭಯವಿಲ್ಲದ ದಿನ ಬರಲಿ.

ನಮೋ ಬುದ್ಧಾಯ 🙏 ಜೈ ಭೀಮ್ 💙

_ಓದಿ, ಮನೆಯವರಿಗೂ ಓದಿ ಹೇಳಿ, ಬಂಧುಗಳಿಗೆ ಕಳಿಸಿ._